ಅಂಚಿನಲ್ಲಿ ಅಲುಗಿದ ಕೈ

ಬಲಗಣ್ಣು ಮುಚ್ಚಿಕೊಂಡು ಓದಿ ಎಂದು ಹೇಳಿಯಾಗಿದೆ, ಆದರೂ ಈ ಮನುಷ್ಯ ಬಾಯಿ ಬಿಡುತ್ತಿಲ್ಲವಲ್ಲ ಎಂದು ಲೋಲಾಕ್ಷಿ ಒಳಗೊಳಗೇ ಸಿಡುಕಿದಳು. ಕುರ್ಚಿಯಲ್ಲಿ ಕೂತ ಕಾಸಿಂ ಎರಡೂ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ತಾನು ಹೇಳಿದ್ದು ಮನಸ್ಸಿನೊಳಗೆ ಮಾತ್ರ, ನಾಲಿಗೆ ಅಲುಗಿಯೇ ಇಲ್ಲ ಎಂದು ಹೊಳೆಯಲು ಅವಳಿಗೆ ತುಸು ಹೊತ್ತೇ ಹಿಡಿಯಿತು. ನಾಚಿಕೆಯಾಯಿತು. ಗಲ್ಫಿನ ಈ ಊರಿನ ಅಲ್ ಬರ್ಷಾದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು ಅವಳೊಬ್ಬಳೇ. ಡ್ರೈವಿಂಗ್ ಲೈಸೆನ್ಸ್ ನವೀಕರಿಸಬೇಕಾದವರು ಮೊದಲು ಇಂಥದೊಂದು ಅಂಗಡಿಗೆ ಬಂದು, ಗೋಡೆಯ ಮೇಲಿನ ಅಕ್ಷರ ಓದಿ ಪಾಸಾಗಬೇಕು. ಫಲಿತಾಂಶವನ್ನು ಅಂಗಡಿಯವರೇ ಕಂಪ್ಯೂಟರಿನಲ್ಲಿ ಸರಕಾರಕ್ಕೆ ಕಳಿಸಬೇಕು. ಮಂಗಳೂರು ಉಡುಪಿ ಕಡೆಯವರು ಊರಿನ ಆಚೆ ತುದಿಯ ದೇರಾದಿಂದಲೂ ಮೆಟ್ರೋ ಹತ್ತಿ ಇಲ್ಲಿಗೇ ಬರುತ್ತಾರೆ, ನಮ್ಮವರಿದ್ದಾರೆ ಎಂದು. ಒಂದು ಅಕ್ಷರ ತಪ್ಪಿದರೆ ಎಲ್ಲರಿಗೂ ನಡೆಯುತ್ತದೆ, ಎರಡು ತಪ್ಪಿದರೆ ಊರವರಿಗೆ ನಡೆಯುತ್ತದೆ. "ಅಕ್ಕಾ, ಕೊನೆಯ ಸಾಲಲ್ಲಿ ಅದು ಎಫ್ಫಾ ಪೀಯಾ ಅಂತ ಸ್ವಲ್ಪ ಡೌಟು" ಎಂದ ಕಾಸಿಂ. "ಯಾವುದಾದ್ರೂ ಒಂದು ಹೇಳಿ" ಎಂದಳು. "ಹಾಗಾದ್ರೆ ಪೀ." ಅದು ಎಫ್ ಆಗಿತ್ತು. ಅವಳು ಪಾಸ್ ಎಂದು ಒತ್ತಿದಳು. ಕಾಸಿಂ ಎದ್ದು, ಎದೆಯ ಮೇಲೆ ಕೈಯಿಟ್ಟು, ಉಚ್ಚಿಲದ ತನ್ನ ತಾಯಿಗೆ ಕನ್ನಡಕ ಮಾಡಿಸುವಾಗಲೂ ಅಕ್ಕನ ಹತ್ತಿರವೇ ಬರುತ್ತೇನೆ ಎಂದು ಹೇಳಿ ಹೋದ.

ಬಾಗಿಲ ಸಂದಿಯಿಂದ ಮ್ಯಾನೇಜರ್ ಆಸ್ವಾಲ್ಡ್ ತಲೆ ಹಾಕಿದ. "ಗುಣಪಾಲಣ್ಣನದ್ದು ಕೊನೆಗೆ ಇಟ್ಟಿದ್ದೇನೆ. ಮನೆಯವರದ್ದಲ್ವಾ, ಎರಡು ನಿಮಿಷದ ಕೆಲಸ. ಮತ್ತೆ ಬಾಗಿಲು ಹಾಕುವ." ಅವಳು ತಲೆಯಾಡಿಸಿದಳು. ಎರಡು ನಿಮಿಷ. ಗಂಡ ಗುಣಪಾಲನ ನೇರ ದೃಷ್ಟಿಗೆ ಏನೂ ಆಗಿಲ್ಲ, ಅದು ಅವಳಿಗೆ ಗೊತ್ತು. ಶೇಖ್ ಝಾಯೆದ್ ರಸ್ತೆಯ ದೂರದ ಫಲಕವನ್ನು ಅವಳಿಗಿಂತ ಮೊದಲೇ ಓದುತ್ತಾನೆ. ಅಕ್ಷರಗಳನ್ನು ಪಟಪಟನೆ ಓದುತ್ತಾನೆ, ಅವಳು ಪಾಸ್ ಒತ್ತುತ್ತಾಳೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಕಾನೂನು ಕೇಳುವುದು ಅಕ್ಷರವನ್ನು ಮಾತ್ರ. ಹಾಗಾದರೆ ಬೆಳಗಿನಿಂದ ತನ್ನ ಕೈ ಯಾಕೆ ಹೀಗೆ ತಣ್ಣಗಾಗಿದೆ? ಎ.ಸಿ.ಯನ್ನು ಕಡಿಮೆ ಮಾಡಿದಳು. ಈ ಕೋಣೆಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ಹಗಲೂ ಕತ್ತಲೆ; ಇಷ್ಟು ವರ್ಷ ಅದು ಅವಳನ್ನು ಕಾಡಿದ್ದಿಲ್ಲ. ಇವತ್ತು ಮಾತ್ರ ಬಾಗಿಲು ತಾನಾಗಿ ಮುಚ್ಚಿಕೊಂಡಾಗಲೆಲ್ಲ ಉಸಿರು ಸಿಕ್ಕಿಕೊಂಡಂತಾಗಿ, ಏನೋ ನೆಪ ತೆಗೆದು ಹೊರಗೆ ಹೋಗಿ ಬಂದಿದ್ದಳು.

ಶುಕ್ರವಾರದ ಆ ಮನುಷ್ಯನ ಮುಖ ಹೋಗುತ್ತಿಲ್ಲ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಗೆಳತಿ ಸುಪ್ರೀತಾಳ ಸೀಮಂತ ಮುಗಿಸಿ, ಹೊಟ್ಟೆ ತುಂಬ ಉಂಡು, ಹಿಂದಿನ ಸೀಟಿನಲ್ಲಿ ಮಗಳು ಸಮೀಕ್ಷಾ ನಿದ್ದೆಹೋಗಿ, ಗುಣಪಾಲ ಪಾರ್ಕಿಂಗಿನಿಂದ ಕಾರು ತೆಗೆಯುತ್ತಿದ್ದ. ಎಡಗಡೆಯಿಂದ ಒಬ್ಬ ಸೂಪರ್ ಮಾರ್ಕೆಟಿನ ಟ್ರಾಲಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದಕ್ಕೆ ತಳ್ಳಿಕೊಂಡು ಬರುತ್ತಿದ್ದ. ಅಷ್ಟು ಉದ್ದದ, ಅಷ್ಟು ಸದ್ದಿನ, ಬಿಸಿಲಲ್ಲಿ ಹೊಳೆಯುವ ಸಾಲು. ಅದು ಕಾಣದಿರುವುದು ಹೇಗೆ? ಗುಣಪಾಲ ಕಿಟಕಿ ಏರಿಸಿಕೊಂಡು, ಪಾಯಸಕ್ಕೆ ಸಿಹಿ ಜಾಸ್ತಿಯಾಗಿತ್ತು ಎನ್ನುತ್ತ ಸೀದಾ ಮುಂದೆ ಬಿಟ್ಟ. ಅವಳು ಕಿರುಚಿದಳು. ಬ್ರೇಕು ಬಿತ್ತು. ಟ್ರಾಲಿಯ ಮನುಷ್ಯ ಬಾನೆಟ್ಟಿಗೆ ಒಂದು ಗೇಣು ದೂರದಲ್ಲಿ, ಬೈಯಲೂ ಹೆದರಿದವನಂತೆ, ಕೈ ಮೇಲೆತ್ತಿ ನಿಂತಿದ್ದ, ತಪ್ಪು ತನ್ನದೇ ಎಂಬಂತೆ. "ಕಂಡಿತು ಮಾರಾಯ್ತಿ, ಕಂಡಿತು, ಯಾಕೆ ಊರು ಕೂಡಿಸ್ತಿ" ಎಂದ ಗುಣಪಾಲ. ಅವನ ಕುತ್ತಿಗೆ ಬೆವರಿತ್ತು. ಕಂಡಿರಲಿಲ್ಲ. ಅವನು ಎಡಕ್ಕೆ ತಲೆ ತಿರುಗಿಸಿ ಆ ಮನುಷ್ಯನನ್ನು ಹುಡುಕಿದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು; ಎಂಟು ವರ್ಷದ ಕೆಲಸದಲ್ಲಿ ಅಂಥ ಹುಡುಕಾಟವನ್ನು ಎಷ್ಟೋ ಮುದುಕರಲ್ಲಿ ನೋಡಿದ್ದಾಳೆ. ಆ ಒಂದು ಕ್ಷಣದಲ್ಲಿ ಹೋದ ಇಡೀ ವರ್ಷ ಮಗುಚಿಬಿದ್ದು ಅದರ ಇನ್ನೊಂದು ಮೈ ಮೇಲೆ ಬಂತು.

ಹೋದ ವರ್ಷ ಎಂದರೆ ಅವಳ ಸಿಟ್ಟಿನ ವರ್ಷ. ಗುಣಪಾಲನಿಗೆ ತಾನು ಬೇಡವಾಗಿದ್ದೇನೆ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಗೆಳೆಯ ರೋಷನ್‌ನ ಮನೆಯ ಊಟದಲ್ಲಿ ಅವಳು ಗಂಡನ ಎಡಕ್ಕೆ ನಿಂತು ಕೋರಿರೊಟ್ಟಿಯ ತಟ್ಟೆ ಚಾಚಿದ್ದಳು. ಅವನು ರೋಷನ್‌ನೊಡನೆ ಮಾತಾಡುತ್ತಲೇ ಇದ್ದ. ತಟ್ಟೆ ಹಿಡಿದು ನಿಂತಳು, ನಿಂತಳು. ಕೋಳಿಸಾರು ಬೆರಳಿಗೆ ಇಳಿಯಿತು. "ಗುಣಪಾಲಣ್ಣನಿಗೆ ಹೆಂಡತಿ ಕಾಣುದೇ ಇಲ್ಲ" ಎಂದು ಯಾರೋ ನಕ್ಕರು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು, ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊಸ ಸೀರೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತು ನೋಡಿದಳು, ಪಕ್ಕದಲ್ಲೇ ಹಾದುಹೋದ. ಹಿಂದಿನಿಂದ ಭುಜ ಮುಟ್ಟಿದರೆ ಬೆಚ್ಚಿಬಿದ್ದ, ಹೆಂಡತಿಯ ಕೈಗೆ ಬೆಚ್ಚುವ ಗಂಡನ ಮನಸ್ಸಿನಲ್ಲಿ ಇನ್ಯಾರಿದ್ದಾರೆ ಎಂದು ಅವಳು ಅವನ ಬಸ್ಸಿನ ಹುಡುಗಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಅನುಮಾನಿಸಿದಳು. ಅವನು ಒಂದು ಹೋಟೆಲಿನ ಸ್ಟಾಫ್ ಬಸ್ಸು ಓಡಿಸುತ್ತಾನೆ. ಕೋಣೆ ಗುಡಿಸಿ ಹಾಸಿಗೆ ಹಾಸುವ ಫಿಲಿಪೈನ್ಸಿನ, ನೇಪಾಳದ, ನಮ್ಮ ಕಡೆಯ ಹುಡುಗಿಯರು. ಬಸ್ಸು ಹತ್ತಿದ ಕೂಡಲೇ ಗಾಜಿಗೆ ತಲೆಯಿಟ್ಟು ಮಲಗುತ್ತಾರೆ ಎಂದು ಅವನೇ ಹೇಳುತ್ತಿದ್ದ. ಆ ಅನುಮಾನದಲ್ಲಿ ಅವಳು ಗಂಡನೊಡನೆ ಮಾತು ಬಿಟ್ಟಳು, ಬಟ್ಟೆ ಇಸ್ತ್ರಿ ಮಾಡುವುದು ಬಿಟ್ಟಳು, ಮಗಳ ಮಂಚಕ್ಕೆ ಹೋಗಿ ಮಲಗಿದಳು. ಇಡೀ ದಿನ ಪರರ ಕಣ್ಣೊಳಗೆ ದೀಪ ಹಾಕಿ ನೋಡುವವಳು ಮನೆಯ ಗಂಡಸಿನ ಕಣ್ಣನ್ನು ಒಮ್ಮೆಯೂ ನೋಡಲಿಲ್ಲ. ನೋಡಿದ್ದು ಅವನ ಅಸಡ್ಡೆಯನ್ನು ಮಾತ್ರ, ಅದನ್ನು ಎಷ್ಟು ಚೆನ್ನಾಗಿ ನೋಡಿದಳೆಂದರೆ ಬೇರೇನೂ ಕಾಣಿಸಲಿಲ್ಲ.

ಮಣಿಪಾಲದಲ್ಲಿ ಸುಸನ್ ಮೇಡಂ ಪಾಠ ಮಾಡುವಾಗ ಅವಳು ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆಯನ್ನು ತಡೆಯುತ್ತಿದ್ದಳು. ಈಗ ಆ ಪಾಠ ಕರೆಯದೆ ಬರುತ್ತಿದೆ. ಅಕ್ಷಿಪಟಲವೆಂದರೆ ಚಿತ್ರ ಹಿಡಿಯುವ ಪರದೆ ಅಂದುಕೊಳ್ಳಬೇಡಿ, ಅದು ಮಿದುಳಿನದೇ ತುಂಡು, ಕಣ್ಣಿನೊಳಗೆ ಕೂತೇ ಯೋಚಿಸುತ್ತದೆ ಎನ್ನುತ್ತಿದ್ದರು. ಅಲ್ಲಿ ಕೆಲವು ನರಕೋಶಗಳಿಗೆ ಬಣ್ಣವೂ ಬೇಡ, ಆಕಾರವೂ ಬೇಡ. ಏನಾದರೂ ಎಡದಿಂದ ಬಲಕ್ಕೆ ಸರಿದರೆ ಮಾತ್ರ ಅವು ಎಚ್ಚರಗೊಂಡು ಸುದ್ದಿ ಕಳಿಸುತ್ತವೆ. ಅದೇ ವಸ್ತು ಬಲದಿಂದ ಎಡಕ್ಕೆ ಹೋದರೆ ಪಕ್ಕದ ಕೋಶವೊಂದು ಅವುಗಳ ಬಾಯಿ ಮುಚ್ಚಿಸುತ್ತದೆ. ಆ ದಿಕ್ಕಿಗೆ ಬೇರೆ ಕೋಶಗಳಿವೆ, ಮೇಲೆ ಕೆಳಗೆ ಹೋಗುವುದಕ್ಕೆ ಇನ್ನೂ ಬೇರೆ. ಕಪ್ಪೆಯ ಎದುರು ಸತ್ತ ನೊಣಗಳ ರಾಶಿ ಸುರಿದರೂ ಅದು ಹಸಿದು ಸಾಯುತ್ತದೆ, ಅಲುಗದ ನೊಣ ಅದಕ್ಕೆ ಊಟವೇ ಅಲ್ಲ. ನಾವೂ ಅಷ್ಟೇ, ನಮ್ಮ ಕಣ್ಣು ಸಣ್ಣಗೆ ನಡುಗುತ್ತಲೇ ಇರುವುದರಿಂದ ನಿಂತ ವಸ್ತು ನಮಗೆ ಕಾಣುತ್ತದೆ, ಆ ನಡುಕ ನಿಂತರೆ ಎದುರಿಗಿದ್ದದ್ದೇ ಮೆಲ್ಲಗೆ ಅಳಿಸಿಹೋಗುತ್ತದೆ. ಮತ್ತೆ ಆ ಕಾಯಿಲೆ, ಕಣ್ಣಿನ ಒಳಗಿನ ಒತ್ತಡ ಏರಿ ಆ ಕೋಶಗಳನ್ನು ಅಂಚಿನಿಂದ ಶುರುಮಾಡಿ ಕೊಲ್ಲುತ್ತ ಬರುವ ಗ್ಲಾಕೋಮಾ. ನೋವಿಲ್ಲ. ನಡುವಿನ ದೃಷ್ಟಿ ಕೊನೆಯವರೆಗೂ ಗಟ್ಟಿ. ಎಡದ ಅಂಚನ್ನು ನೋಡುವುದು ಎಡಗಣ್ಣು ಮಾತ್ರ, ಬಲಗಣ್ಣಿಗೆ ಮೂಗು ಅಡ್ಡ ಬರುತ್ತದೆ. ಸತ್ತ ಜಾಗ ಕಪ್ಪಗೆ ಕಾಣುವುದಿಲ್ಲ ಮಕ್ಕಳೇ, ಅದು ಕಾಣುವುದೇ ಇಲ್ಲ, ಮಿದುಳು ಅಕ್ಕಪಕ್ಕದ ಗೋಡೆಯನ್ನೇ ಎಳೆದು ಅಲ್ಲಿಗೆ ಹಚ್ಚುತ್ತದೆ. ಸತ್ತದ್ದು ಹುಟ್ಟುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಇದನ್ನೆಲ್ಲ ಅವಳು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಮಾರ್ಕು ತೆಗೆದಿದ್ದಳು. ಗಂಡನ ಎಡಕ್ಕೆ ತಟ್ಟೆ ಹಿಡಿದು ನಿಂತಾಗ ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ನೀರುದೋಸೆಯನ್ನು ಎಡಗಡೆಯಿಂದ ಮೆಲ್ಲನೆ ಅವನ ಮುಂದಕ್ಕೆ ಸರಿಸಿ ನೋಡಿದ್ದಳು. ತಟ್ಟೆ ಅವನ ಮೊಣಕೈಗೆ ತಗಲಿದ ಮೇಲೆ "ಓ, ಬಂತಾ" ಎಂದ. ಕೇಳಬಹುದಿತ್ತು. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಗೊತ್ತಿಲ್ಲ ಎಂದು ಪಾಸ್ ಒತ್ತುವುದು ಹೇಗೆ? ಈ ಲೆಕ್ಕಾಚಾರ ತನ್ನೊಳಗೆ ಅಷ್ಟು ಸಲೀಸಾಗಿ ನಡೆದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು. ಆದರೆ ಲೆಕ್ಕ ನಿಜವಾಗಿತ್ತು. ಲೈಸೆನ್ಸ್ ಹೋದರೆ ಡ್ರೈವರನ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ, ಅವಳ ಮತ್ತು ಸಮೀಕ್ಷಾಳ ವೀಸಾ ನಿಂತಿರುವುದು ಅವನ ವೀಸಾದ ಮೇಲೆ. ಒಂದು ಗುಂಡಿ ಒತ್ತಿದರೆ ಮೂರು ಜನ ಈ ದೇಶದಿಂದ ಹೊರಗೆ. ಅದೂ ಹೆಂಡತಿಯೇ ಒತ್ತುವುದು. ಒತ್ತದಿದ್ದರೆ ನಾಳೆ ಬೆಳಗಿನ ಬಸ್ಸು ಹೊರಡುತ್ತದೆ, ಗಾಜಿಗೆ ತಲೆಯಿಟ್ಟ ಹುಡುಗಿಯರನ್ನು ತುಂಬಿಕೊಂಡು, ಎಡಬದಿಯಿಲ್ಲದ ಮನುಷ್ಯನ ಕೈಯಲ್ಲಿ. ವರ್ಷವಿಡೀ ತಾನು ಅನುಮಾನಿಸಿದ ಅದೇ ಹುಡುಗಿಯರು. ಅವರ ಮುಖ ಅವಳು ನೋಡಿದ್ದೇ ಇಲ್ಲ, ಆದರೂ ಬೆಳಗಿನಿಂದ ಆ ಮುಖಗಳು ಒಂದೊಂದಾಗಿ ಬಂದು ಗಾಜಿಗೆ ಅಂಟುತ್ತಿದ್ದವು.

ಹೊರಗೆ ಗುಣಪಾಲನ ದನಿ ಕೇಳಿತು. ಆಸ್ವಾಲ್ಡ್‌ನೊಡನೆ ನಗುತ್ತಿದ್ದ, "ಎಂತ ಮಾರಾಯ, ಹೆಂಡತಿ ಎದುರು ಕಣ್ಣು ಬಿಡ್ಲಿಕ್ಕೂ ಈಗ ಅಪಾಯಿಂಟ್‌ಮೆಂಟ್ ಬೇಕಾ?" ಸಮೀಕ್ಷಾ ಶಾಲೆಯ ಚೀಲದ ಸಮೇತ ಒಳಗೆ ಇಣುಕಿದಳು. "ಅಮ್ಮಾ, ಹೌ ಲಾಂಗ್? ಐ ಹ್ಯಾವ್ ಎ ಟೆಸ್ಟ್ ಟುಮಾರೋ." "ಹೊರಗೆ ಕೂತು ಓದು ಮಗಾ, ಅಪ್ಪನದ್ದೂ ಟೆಸ್ಟೇ" ಎಂದಳು ಲೋಲಾಕ್ಷಿ, ಮತ್ತು ತನ್ನ ದನಿ ಇಷ್ಟು ಸಹಜವಾಗಿ ಬಂದದ್ದಕ್ಕೆ ತಾನೇ ಬೆರಗಾದಳು. ಗುಣಪಾಲ ಒಳಗೆ ಬಂದ. ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿತು. ಅವನು ಅದು ಬೇಕೆಂದೇ ಒರಗಿದ್ದೆಂಬಂತೆ ಒಂದು ಕ್ಷಣ ನಿಂತ. ಯೂನಿಫಾರಂ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡಿದ್ದ, ಕಾಲರಿನ ಒಂದು ಬದಿ ಸುಕ್ಕುಸುಕ್ಕಾಗಿತ್ತು, ಎಡಬದಿ. ಕುರ್ಚಿಯಲ್ಲಿ ಕೂರಿಸಿದಳು, ದೀಪ ಆರಿಸಿದಳು. ಅವನು ಓದಿದ. ಒಂದು ಕಣ್ಣು, ಇನ್ನೊಂದು ಕಣ್ಣು, ಕೊನೆಯ ಸಾಲಿನ ಎಫ್ಫನ್ನು ಎಫ್ಫೆಂದೇ ಓದಿದ. ಇಡೀ ದಿನ ಯಾರೂ ಅಷ್ಟು ಚೆನ್ನಾಗಿ ಓದಿರಲಿಲ್ಲ. "ಮುಗೀತಲ್ಲ? ಹೋಗುವ" ಎಂದು ಎದ್ದ.

ಇಷ್ಟೇ ಸಾಕು, ಹೋಗಲಿ ಬಿಡು, ಎಂದು ಅವಳ ಮನಸ್ಸು ಹೇಳಿತು. ಬಾಯಿ ಬೇರೆ ಹೇಳಿತು. "ಕೂತ್ಕೊಳ್ಳಿ. ಇನ್ನೊಂದು ಸಣ್ಣ ಪರೀಕ್ಷೆ ಉಂಟು."

"ಎಲ್ಲರಿಗೂ ಮಾಡ್ತಿಯಾ ಅದು?"

"ಗಂಡನಿಗೆ ಮಾತ್ರ."

ಅವನು ನಕ್ಕು ಕೂತ. ಅವಳು ಸ್ಟೂಲನ್ನು ಎದುರಿಗೆ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಇಷ್ಟು ಹತ್ತಿರ ಕೂತು ಎಷ್ಟು ತಿಂಗಳಾಯಿತು. ಅವನ ಮೀಸೆಯಲ್ಲಿ ಹೊಸ ಬಿಳಿ ಕೂದಲು ಬಂದಿದ್ದವು, ಅವು ಯಾವಾಗ ಬಂದವೋ ಅವಳಿಗೆ ಗೊತ್ತಿರಲಿಲ್ಲ. ಅಂಗೈಯಿಂದ ಬಲಗಣ್ಣು ಮುಚ್ಚಿಕೊಳ್ಳಿ, ಎಡಗಣ್ಣಲ್ಲಿ ನನ್ನ ಮೂಗನ್ನೇ ನೋಡಿ, ಕಣ್ಣು ಅತ್ತಿತ್ತ ಆಡಿಸಬಾರದು, ಬದಿಯಲ್ಲಿ ನನ್ನ ಬೆರಳು ಅಲುಗುವುದು ಕಂಡ ಕೂಡಲೇ ಈಗ ಅನ್ನಿ, ಎಂದಳು. ಅವನು ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತ. ಅವಳು ಬಲಗೈಯನ್ನು ಅವನ ಎಡಗಿವಿಯ ಆಚೆಗೆ ಒಯ್ದು ಬೆರಳು ಅಲುಗಿಸಿದಳು. "ಈಗ" ಎಂದ. ನಿಲ್ಲಿಸಿದಳು, ಮತ್ತೆ ಅಲುಗಿಸಿದಳು. "ಈಗ." ತುಸು ಕೆಳಗೆ. "ಈಗ."

ಲೋಲಾಕ್ಷಿಗೆ ಜೋರಾಗಿ ನಗಬೇಕೆನ್ನಿಸಿತು. ಏನೂ ಇಲ್ಲ! ಎಲ್ಲ ತನ್ನ ತಲೆಯ ಹುಳ. ಟ್ರಾಲಿಯವನು ಅಡ್ಡ ಬಂದದ್ದು, ದೋಸೆಯ ಹೊತ್ತಿಗೆ ಇವರು ಫೋನಿನಲ್ಲಿ ಮುಳುಗಿದ್ದದ್ದು, ಅಷ್ಟೇ. ಬೇಕಾದರೆ ಗಂಡನಿಗೆ ತಾನು ಬೇಡವಾಗಿರಲಿ, ಆ ಹಳೆಯ ದುಃಖವೇ ವಾಪಸು ಬರಲಿ, ಅದನ್ನು ಹೊತ್ತು ಅಭ್ಯಾಸವಿದೆ. ಇಷ್ಟು ಯೋಚಿಸಿ ಸಂತೋಷದಿಂದ ಇನ್ನೊಮ್ಮೆ ಕೈ ಎತ್ತಿದಳು, ಆಗ ಅವನು "ಈಗ" ಎಂದ, ಆದರೆ ಅವಳು ಇನ್ನೂ ಬೆರಳು ಅಲುಗಿಸಿರಲಿಲ್ಲ. ಮಣಿಕಟ್ಟು ಮಾತ್ರ ತಿರುಗಿತ್ತು. ಅವನ ತಲೆ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು, ಕಿವಿಗೊಟ್ಟವರ ತಲೆ ವಾಲುವ ಹಾಗೆ. ಅವಳು ತನ್ನ ಕೈ ನೋಡಿಕೊಂಡಳು. ಸುಪ್ರೀತಾಳ ಸೀಮಂತದಲ್ಲಿ ಮುತ್ತೈದೆಯರಿಗೆಲ್ಲ ತೊಡಿಸಿದ ಹಸಿರು ಗಾಜಿನ ಬಳೆಗಳು.

ಅವಳು ಕೈಯನ್ನು ಮಡಿಲಿಗೆ ತಂದು ಬಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಹೊಸ ಬಳೆ, ಬಿಗಿಯಾಗಿತ್ತು, ಗೆಣ್ಣಿನಲ್ಲಿ ಸಿಕ್ಕಿಕೊಂಡು ಚರ್ಮ ತರಚಿತು. ಗಂಡನ ಎದುರಿಗೆ ಕೂತು ಹಸಿರು ಬಳೆ ಕಳಚುವುದನ್ನು ಅವಳ ಅಮ್ಮ ಕಂಡಿದ್ದರೆ ಕೈಗೆ ಎರಡು ಬಾರಿಸುತ್ತಿದ್ದಳು. ಗುಣಪಾಲ ಮೂಗಿನಿಂದ ದೃಷ್ಟಿ ತೆಗೆಯದೆ, ಸದ್ದಿನಿಂದಲೇ ತಿಳಿದು, "ಏ, ಅದನ್ನೆಂತಕ್ಕೆ ತೆಗೀತಿ? ನಾನು ಎದುರಿಗೇ ಬದುಕಿ ಕೂತಿದ್ದೇನಲ್ಲ ಮಾರಾಯ್ತಿ" ಎಂದ. ತಮಾಷೆಗೆಂದು ಹೇಳಿದ್ದು, ಆದರೆ ದನಿ ನಡುವೆ ಒಡೆಯಿತು. ಅವಳು ಕೊನೆಯ ಬಳೆಯನ್ನು ಮೇಜಿನ ಮೇಲಿಟ್ಟು ಕೈಯನ್ನು ಮತ್ತೆ ಅವನ ಎಡಕ್ಕೆ ಒಯ್ದಳು.

ಬೆರಳು ಅಲುಗಿಸಿದಳು. ಅವನು ಸುಮ್ಮನಿದ್ದ. ಕೈಯನ್ನು ಮುಂದೆ ತಂದಳು, ಕಿವಿಯ ಗೆರೆ ದಾಟಿ, ಕೆನ್ನೆಯ ಗೆರೆಗೆ. ಬೆರಳಲ್ಲ, ಇಡೀ ಅಂಗೈಯನ್ನೇ ಆಡಿಸಿದಳು. ಕಾಣಲಿ ದೇವರೇ, ಇಲ್ಲಾದರೂ ಕಾಣಲಿ. ಅವನ ಎಡಗಣ್ಣು ಅವಳ ಮೂಗಿನ ಮೇಲೆ ಪ್ರಾಮಾಣಿಕವಾಗಿ ನೆಟ್ಟಿತ್ತು, ರೆಪ್ಪೆ ಕೂಡ ಬಡಿಯದೆ ಕಾಯುತ್ತಿತ್ತು. ಅವಳ ತೋಳು ನೋಯತೊಡಗಿತು, ಕೈ ಹುಬ್ಬಿನ ಹತ್ತಿರಕ್ಕೆ ಬಂದಿತ್ತು. ಎ.ಸಿ.ಯ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

"ಹೂಂ, ನಾನು ರೆಡಿ" ಎಂದ ಗುಣಪಾಲ. "ಶುರು ಮಾಡು."

ಅವಳು ಕೈ ಇಳಿಸಿದಳು. "ಮುಗೀತು."

ಅವನು ಕೇಳಿದ, "ಖಲಾಸಾ? ಪಾಸಾ?"

"ಇಲ್ಲ."

ಹೊರಗೆ ಆಸ್ವಾಲ್ಡ್ ಗಾಜಿನ ಕಪಾಟುಗಳಿಗೆ ಬೀಗ ಹಾಕುತ್ತಿದ್ದ. ಗುಣಪಾಲ ಕೂತಲ್ಲೇ ಕೂತಿದ್ದ, ಅಂಗೈ ಬಲಗಣ್ಣಿನ ಮೇಲೆ ಹಾಗೆಯೇ ಇತ್ತು. "ನಮ್ಮ ಕಂಪೆನಿ ಹತ್ರವೇ ಒಂದು ಅಂಗಡಿ ಉಂಟು" ಎಂದ. "ಡ್ರೈವರ್‌ಗಳೆಲ್ಲ ಅಲ್ಲಿಗೇ ಹೋಗುದು. ಅಕ್ಷರ ಓದಿಸ್ತಾರೆ, ಬಿಡ್ತಾರೆ. ಮೊನ್ನೆ ಅದರ ಬಾಗಿಲವರೆಗೆ ಹೋಗಿದ್ದೆ. ಬಸ್ಸಲ್ಲಿ ಹುಡುಗಿಯರು ಮಲಗಿದ್ರು. ವಾಪಸ್ ಬಂದೆ. ನಾನಾಗಿ ಕೆಲಸ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ ಲೋಲಾ. ನೀನಾದ್ರೆ ಬಿಡಿಸ್ತಿ ಅಂತ ಬಂದೆ."

"ಮತ್ತೆ ಬಳೆಯ ಶಬ್ದಕ್ಕೆ ಈಗ, ಈಗ ಅಂದದ್ದು?"

"ಅದು ಆಸೆ."

ಅವಳಿಗೆ ಅವನನ್ನು ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು, ಎರಡನ್ನೂ ಮಾಡದೆ ಕೇಳಿದಳು, "ಎಷ್ಟು ಸಮಯದಿಂದ ಗೊತ್ತುಂಟು ನಿಮಗೆ?"

"ಸುಮಾರು ಸಮಯ ಆಯ್ತು. ರೋಷನ್‌ನ ಮನೆಯಲ್ಲಿ ಎಲ್ಲ ನಗಾಡಿದ್ರಲ್ಲ, ಆವತ್ತು ಗೊತ್ತಾಯ್ತು."

"ಹೇಳ್ಲಿಕ್ಕೆ ಎಂತ ಆಗಿತ್ತು? ನಾನು ಒಂದು ವರ್ಷ ನಿಮ್ಮ ಮೇಲೆ..."

"ನೀನು ಸಿಟ್ಟಲ್ಲಿದ್ದಿ" ಎಂದ ಅವನು. "ಹೆದರುದಕ್ಕಿಂತ ಸಿಟ್ಟೇ ವಾಸಿ ಅಂತ ಬಿಟ್ಟೆ."

ಅವಳು ಎದ್ದು ಕಂಪ್ಯೂಟರಿನ ಮುಂದೆ ಹೋದಳು. ಪಾಸ್ ಎಂಬ ಚೌಕದ ಕೆಳಗೆ ಇನ್ನೊಂದು ಚೌಕವಿತ್ತು, ಕಣ್ಣಿನ ಡಾಕ್ಟರಿಗೆ ಕಳಿಸಿದೆ, ಅಲ್ಲಿಯವರೆಗೆ ವಾಹನ ಓಡಿಸಬಾರದು ಎಂದು. ಈ ಊರಿನ ಬಿಸಿಲು, ಸಮೀಕ್ಷಾಳ ಶಾಲೆ, ಅವಳ ಈ ಕತ್ತಲ ಕೋಣೆ, ಎಲ್ಲವೂ ಆ ಚೌಕದಲ್ಲಿದ್ದವು. ಅವಳು ಒತ್ತಿದಳು. ಒತ್ತಿದ ಮೇಲೂ ಏನೂ ಅಲುಗಲಿಲ್ಲ, ಮೇಜು ಮೇಜಿನಂತೆ, ಗೋಡೆ ಗೋಡೆಯಂತೆ ಇತ್ತು. ತಿರುಗಿ ನೋಡಿದರೆ ಗುಣಪಾಲ ಇನ್ನೂ ಬಲಗಣ್ಣು ಮುಚ್ಚಿಕೊಂಡೇ ಕೂತಿದ್ದ, ಅವಳ ಮೂಗು ಇದ್ದ ಜಾಗವನ್ನೇ ನೋಡುತ್ತ. ಅಂಗೈಯ ಕೆಳಗಿನಿಂದ ಮಣಿಕಟ್ಟಿನವರೆಗೆ ಒದ್ದೆಯಾಗಿತ್ತು.

"ಕೈ ತೆಗೀರಿ ಇನ್ನು" ಎಂದಳು.

"ಸ್ವಲ್ಪ ಹೊತ್ತು ಇರ್ಲಿ ಮಾರಾಯ್ತಿ" ಎಂದ.